ಬಾಣಂತಿಯ ರಗ್ಗು

ನಮ್ಮ ಓಣಿಯ ಗಣಪತಿ ಮಂಡಳದವರು ನಿನ್ನೆ ಸಂಜೆ ರಗ್ಗಿನ ಗಂಟುಗಳನ್ನು ತಂದು ನನ್ನ ಪಡಸಾಲೆಯಲ್ಲಿ ಇಳಿಸಿ ಹೋದರು. ಸಂಕ್ರಮಣದ ಸೂಟಿಯಲ್ಲಿ ಕಬ್ಬು ಕಡಿಯುವವರ ಜೋಪಡಿಗಳಿಗೆ ಹಂಚುತ್ತಾರಂತೆ. ಗೋಕಾಕದ ಚಳಿಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿ ಮಲಗಿದ್ದೆ. ಬೆಳಿಗ್ಗೆ ಎದ್ದರೆ ಮನೆ ತುಂಬ ಹೊಸ ರಗ್ಗಿನ ವಾಸನೆ. ಪ್ಲಾಸ್ಟಿಕ್ ಚೀಲದ್ದು, ಬಣ್ಣದ್ದು, ಸ್ವಲ್ಪ ಸೀಮೆಎಣ್ಣೆಯಂಥದ್ದು... ಅದು ಮೂಗಿಗೆ ಬಡಿದದ್ದೇ ತಡ, ಮೇಲವಂಕಿಯ ಆಯಿ ನೆನಪಾದಳು.

ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಮೇಲವಂಕಿಯ ಸಾಲೆಗೆ ನಾನು ಅಕ್ಕೋರಾಗಿ, ಅಂದರೆ ಟೀಚರಾಗಿ, ವರ್ಗವಾಗಿ ಹೋದಾಗ ಬಾಡಿಗೆಗೆ ಕೋಣೆ ಕೊಟ್ಟ ಮನೆಯೊಡತಿ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ಬೆನ್ನ ಹಿಂದೆ ಫೌಜದಾರ ಎನ್ನುತ್ತಿತ್ತು. ಹಾಲಿನವನ ಕ್ಯಾನಿನಲ್ಲಿ ಬೆರಳು ಅದ್ದಿ ನೋಡದೆ ಆಕೆ ಪಾತ್ರೆ ಒಡ್ಡಿದವಳಲ್ಲ. ನಾನು ಕೋಣೆ ಕೇಳಲು ಹೋದ ದಿನ ಹೊಸ್ತಿಲಲ್ಲೇ ನಿಲ್ಲಿಸಿ, ಮದುವೆ ಯಾಕಾಗಿಲ್ಲ, ಮೂಡಲಗಿಯಿಂದ ಯಾಕೆ ಎತ್ತಿ ಹಾಕಿದರು, ಮನೆಗೆ ಯಾರ್ಯಾರು ಬರುತ್ತಾರೆ ಎಂದೆಲ್ಲ ವಿಚಾರಣೆ ನಡೆಸಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಅದೇ ಪೈಕಿ. ಹೆಂಚು ಸೋರುವುದಿಲ್ಲ ಎಂದು ಆಕೆ ಆಣೆ ಮಾಡಿ ಹೇಳಿದರೂ ನಂಬದೆ, ಮೇಲೆ ಒಂದು ಕೊಡ ನೀರು ಸುರಿಸಿ ನೋಡಿದ ಮೇಲೆಯೇ ಟ್ರಂಕು ಒಳಗಿಟ್ಟವಳು. ಅವತ್ತೇ ನಮ್ಮಿಬ್ಬರಿಗೆ ಸರಿಹೊಂದಿತು.

ಆ ವರ್ಷದ ಚಳಿಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ಕಬ್ಬಿನ ಗ್ಯಾಂಗೊಂದು ಬಂದು ಊರ ಹೊರಗೆ ಜೋಪಡಿ ಹಾಕಿತ್ತು. ಅವರಲ್ಲಿ ಒಬ್ಬಳು ಇಲ್ಲಿಗೆ ಬಂದ ಮೇಲೆಯೇ ಹಡೆದಿದ್ದಳು. ಆಯಿ ದಿನಾ ಮಧ್ಯಾಹ್ನ ಬಿಸಿ ರೊಟ್ಟಿ, ಬೆಳ್ಳುಳ್ಳಿ ಸಾರು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಕೂಸನ್ನು ಕಬ್ಬಿನ ಒಣ ಗರಿಯ ರವದಿಯ ಮೇಲೆ ಹರಿದ ಸೀರೆ ಹಾಸಿ ಮಲಗಿಸಿದ್ದರು. ಮುಂಜಾನೆಯ ಮಂಜಿಗೆ ಅದರ ತುಟಿ ನೀಲಿಗಟ್ಟಿರುತ್ತದಂತೆ ಎಂದು ಆಯಿ ಬಂದು ಹೇಳುವಳು. ಮನೆಯಲ್ಲಿದ್ದ ಎರಡು ಕೌದಿಗಳಲ್ಲಿ ಒಂದನ್ನು ಆಗಲೇ ಕೊಟ್ಟಾಗಿತ್ತು. ಅದು ಗ್ಯಾಂಗಿನ ಹಿರಿಯ ಮುದುಕಿಯ ಪಾಲಾಗಿತ್ತು.

ಅಷ್ಟರಲ್ಲಿ ಪೇಟೆಯಿಂದ ಒಂದು ಸೇವಾ ಸಂಘದವರು ಬಂದರು. ಬಡವರಿಗೆ ರಗ್ಗು ಹಂಚುತ್ತೇವೆ, ನಾಳೆ ಸಾಲೆಯ ಮೈದಾನದಲ್ಲಿ ಕಾರ್ಯಕ್ರಮ ಎಂದು ಹೇಳಿ, ಗಂಟುಗಳನ್ನು ಆಯಿಯ ಪಡಸಾಲೆಯಲ್ಲಿಟ್ಟು, ಬ್ಯಾನರ್ ಕಟ್ಟಲು ಹೋದರು. ಆಯಿ ಗಂಟಿನ ಸುತ್ತ ತಿರುಗಿದಳು, ಮೂಸಿದಳು, ಚಿವುಟಿದಳು.

"ಕೊಡಾಕ ಬಂದವರು ಮೊದಲ ಬ್ಯಾನರ್ ಯಾಕ ಕಟ್ಟತಾರ್ರಿ, ಅಕ್ಕೋರ?" ಎಂದಳು.

ನನ್ನ ತಲೆಯಲ್ಲೂ ಅದೇ ಪ್ರಶ್ನೆ ಇತ್ತು.

ಆದರೂ ಆಕೆ ಒಂದು ಕೆಂಪು ರಗ್ಗನ್ನು ಆರಿಸಿ ತೆಗೆದಳು. ಅಂಚಿನ ಪಟ್ಟಿಯ ಹೊಲಿಗೆಯನ್ನು ಒಂದು ಮೂಲೆಯಲ್ಲಿ ಬಿಚ್ಚಿ, ಕಡಕ್ ರೊಟ್ಟಿಯ ಚೂರೊಂದನ್ನು ಒಳಗಿಟ್ಟು, ಹಸಿರು ದಾರದಿಂದ ಮತ್ತೆ ಹೊಲಿದಳು. ನಮ್ಮ ಕಡೆ ಕೌದಿ ಹೊಲಿಯುವ ಹೆಂಗಸರು ಕೊನೆಯ ಮೂಲೆ ಮುಚ್ಚುವ ಮೊದಲು ಹೀಗೆ ರೊಟ್ಟಿ ಇಡುತ್ತಾರೆ. ಹೊದಿಕೆ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ ಎಂಬ ನಂಬಿಕೆ. ಕೌದಿಗೆ ಸರಿ, ಅಂಗಡಿಯ ರಗ್ಗಿಗೂ ಯಾಕೆ ಎಂದು ನಾನು ಛೇಡಿಸಿದೆ.

"ಬಾಣಂತಿಗೆ ಕೊಡೂದ್ರಿ ಇದು. ಹಸದದ್ದು ಹೊಚ್ಚಬಾರದು. ಅಂಗಡ್ಯಾಂವ ಇದಕ್ಕ ಉಣ್ಣಾಕ ಹಾಕಿರ್ತಾನೇನು?"

ಮರುದಿನ ಆಯಿಯೇ ಆ ರಗ್ಗನ್ನು ಸಂಘದವರ ಕೈಗಿತ್ತು, ಇದು ಬಾಣಂತಿಗೆ ಎಂದು ಒತ್ತಿ ಹೇಳಿದಳು. ಅವರಿಗೂ ಖುಷಿಯಾಯಿತು. ಎಳೆಗೂಸಿನ ತಾಯಿ ಎಂದರೆ ಫೋಟೋಕ್ಕೆ ಅದಕ್ಕಿಂತ ಇನ್ನೇನು ಬೇಕು? ಆಕೆಯನ್ನು ನಡುವೆ ನಿಲ್ಲಿಸಿ, ರಗ್ಗನ್ನು ಎದೆಯ ಮುಂದೆ ಹಿಡಿಸಿ, ನಗಲು ಹೇಳಿ, ಮತ್ತೆ ಮತ್ತೆ ಫೋಟೋ ತೆಗೆದರು. ಭಾಷಣ ಮುಗಿದು ನಾನು ಸಾಲೆಯೊಳಗೆ ಹೋಗಿ ಬರುವಷ್ಟರಲ್ಲಿ ಮೈದಾನ ಖಾಲಿಯಾಗಿತ್ತು. ಸಂಜೆ ಆಯಿ ಜೋಪಡಿಗೆ ಹೋಗಿ ನೋಡಿದರೆ ಕೂಸು ಅದೇ ಹರಿದ ಸೀರೆಯಲ್ಲಿತ್ತು. ಎಲ್ಲರ ಆಧಾರ್ ಕಾರ್ಡು ನೋಡಬೇಕು, ನಾಳೆ ಜೋಪಡಿಗೇ ತಂದು ಕೊಡುತ್ತೇವೆ ಎಂದು ರಗ್ಗುಗಳನ್ನು ತಿರುಗಿ ಗಾಡಿಗೆ ತುಂಬಿಕೊಂಡು ಹೋಗಿದ್ದರು.

ಆ ನಾಳೆ ಬರಲೇ ಇಲ್ಲ. ಆಯಿ ದಿನಾ ಕಟ್ಟೆಯ ಮೇಲೆ ಕೂತು ದಾರಿ ನೋಡುವಳು, ಗಾಡಿಯ ಸಪ್ಪಳವಾದರೆ ಏಳುವಳು. "ಕಳ್ಳರ್ರಿ" ಎನ್ನುವಳು. ಖಾತ್ರಿಯಿಲ್ಲದೆ ಹಾಗೆ ಅನ್ನಬಾರದು ಎಂದು ನಾನು ಬಾಯಲ್ಲಿ ಹೇಳುತ್ತಿದ್ದೆ, ಮನಸ್ಸಿನಲ್ಲಿ ಆಕೆಗಿಂತ ಜೋರಾಗಿ ಬೈಯುತ್ತಿದ್ದೆ.

ಸಂಕ್ರಮಣಕ್ಕೆ ಆಯಿ ನನ್ನನ್ನು ಹತ್ತರಗಿಯ ಮಗಳ ಮನೆಗೆ ಕರೆದುಕೊಂಡು ಹೋದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಉಂಡು ಹೊರಗೆ ಬಂದರೆ, ಹೆದ್ದಾರಿಯ ಬಾಜೂ ಬಯಲಿನಲ್ಲಿ ಅದೇ ಗಾಡಿ, ಅದೇ ಬ್ಯಾನರ್! ಜನ ಸಾಲಾಗಿ ನಿಂತು ರಗ್ಗು ಇಸಿದುಕೊಳ್ಳುತ್ತಿದ್ದರು. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಮೇಜಿನ ಬಳಿ ಹೋದಳು. ಕೆಂಪು ರಗ್ಗುಗಳನ್ನು ಒಂದೊಂದಾಗಿ ಎಳೆದು ಮೂಲೆ ಹಿಚುಕತೊಡಗಿದಳು. ಹುಚ್ಚಿ ಎಂದುಕೊಂಡರೋ ಏನೋ, ಯಾರೂ ತಡೆಯಲಿಲ್ಲ. ಒಂದರ ಬಳಿ ಆಕೆಯ ಕೈ ನಿಂತಿತು.

"ಇಲ್ಲಿ ಹಿಡದ ನೋಡ್ರಿ, ಅಕ್ಕೋರ."

ನಾನು ಒತ್ತಿದೆ. ಒಳಗೆ ಏನೋ ಕಟಕ್ ಎಂದಿತು. ಹೊರಗೆ ಹಸಿರು ದಾರ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಸಾಹೇಬ್ರ," ಎಂದು ಆಯಿ ಮುಖಂಡನನ್ನು ಕರೆದಳು. "ಇದು ಮೇಲವಂಕಿ ಬಾಣಂತಿ ರಗ್ಗು. ಇಲ್ಲೀತನಕಾ ಹೆಂಗ ನಡಕೋತ ಬಂತು?"

ಆತ ನಕ್ಕ. "ರಗ್ಗು ಎಲ್ಲಾ ಒಂದ ನಮೂನಿ ಇರ್ತಾವ್ರಿ, ಅಜ್ಜಿ. ನಿಮಗ ಗೊತ್ತಾಗಂಗಿಲ್ಲ."

"ಎಲ್ಲಾ ರಗ್ಗಿನ್ಯಾಗೂ ನನ್ನ ರೊಟ್ಟಿ ಇರ್ತೈತೇನು?"

ಹಲ್ಲಿನಿಂದ ದಾರ ಕಡಿದು, ರೊಟ್ಟಿಯ ಚೂರನ್ನು ಹೊರತೆಗೆದು ಆತನ ಮೂಗಿನ ಮುಂದೆ ಹಿಡಿದಳು. ಆಮೇಲೆ ಜನರತ್ತ ತಿರುಗಿ, "ಫೋಟೋ ಆದ ಮ್ಯಾಲ ತಿರುಗಿ ಇಸಕೋತಾರ. ಬಿಡಬ್ಯಾಡ್ರೀ!" ಎಂದು ಕೂಗಿದಳು. ಕೈಯಲ್ಲಿ ರಗ್ಗು ಇದ್ದವರೆಲ್ಲ ಓಟ ಕಿತ್ತರು. ಕೋಲೂರಿ ಬಂದಿದ್ದ ಮುದುಕನೊಬ್ಬ ಕೋಲನ್ನು ಅಲ್ಲೇ ಬಿಟ್ಟು ಹೆದ್ದಾರಿ ದಾಟಿದ. ಸಂಘದವರೊಬ್ಬರು ಕೆಂಪು ರಗ್ಗಿನ ಇನ್ನೊಂದು ತುದಿ ಹಿಡಿದು ಜಗ್ಗಿದರು, ಆಯಿ ಬಿಡಲಿಲ್ಲ. ಮಗಳ ಮನೆಯಲ್ಲಿ ಕೂತು ಹೊಸ ಸಜ್ಜಿ ರೊಟ್ಟಿಯ ಚೂರಿಟ್ಟು ಮೂಲೆ ಹೊಲಿದಳು. ಊರಿಗೆ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಆಕೆಯ ಠೀವಿ ನೋಡಬೇಕಿತ್ತು... ಅಷ್ಟು ಸಂತೋಷದಲ್ಲಿ ಆಕೆಯನ್ನು ನಾನು ಮತ್ತೆಂದೂ ನೋಡಲಿಲ್ಲ.

ಬಸ್ಸಿಳಿದವರು ಮನೆಗೂ ಹೋಗದೆ ಜೋಪಡಿಗೆ ನಡೆದೆವು. ಬಾಣಂತಿ ಹೊರಗೆ ಕೂಸನ್ನು ಮುಂದೆ ಮಲಗಿಸಿಕೊಂಡು ಬಿಸಿಲು ಕಾಯಿಸುತ್ತ ಕೂತಿದ್ದಳು. ಆಯಿ ರಗ್ಗನ್ನು ಆಕೆಯ ಮಡಿಲಲ್ಲಿಟ್ಟಳು. ಆಕೆ ರಗ್ಗು ನೋಡಿದಳು, ನನ್ನ ಕೈಯತ್ತ ನೋಡಿದಳು. ಹೆಡ್ ಮಾಸ್ತರರ ಫೋನು ಬಂದಿದ್ದರಿಂದ ಮೊಬೈಲು ನನ್ನ ಕೈಯಲ್ಲಿತ್ತು. ಆಕೆ ಎದ್ದು ನಿಂತಳು. ತಲೆಯ ಮೇಲೆ ಸೆರಗೆಳೆದು, ಕೂಸಿನ ತಲೆಯ ಮೇಲಿನ ಕುಂಚಿಗೆಯನ್ನು ಸರಿಮಾಡಿ, ರಗ್ಗನ್ನು ಎದೆಯ ಮುಂದೆ ಹಿಡಿದು, ನನ್ನತ್ತ ನೋಡಿ ನಕ್ಕಳು. ಸ್ವಲ್ಪ ಹೊತ್ತು ಹಾಗೇ ನಿಂತು, ನಗು ನಿಲ್ಲಿಸಿ, ರಗ್ಗನ್ನು ನೀಟಾಗಿ ಮಡಚಿ ಆಯಿಯ ಮುಂದೆ ಚಾಚಿದಳು.

"ಫೋಟೊ ಝಾಲಾ ನಾ, ಬಾಯಿ? ಘ್ಯಾ."

ಫೋಟೋ ಆಯಿತಲ್ಲ, ತಗೊಳ್ಳಿ ಎಂದು.

"ಇಲ್ಲ ಯವ್ವಾ, ನಿಂದ ಐತಿ ಇದು. ಯಾರೂ ಒಯ್ಯಂಗಿಲ್ಲ," ಎಂದಳು ಆಯಿ. ನನಗೆ ಬರುವಷ್ಟು ಮರಾಠಿಯಲ್ಲಿ ನಾನೂ ಹೇಳಿದೆ. ಆಕೆ ಹೂಂ ಎಂದು ತಲೆಯಾಡಿಸಿದಳು, ಸಂಘದವರಿಗೂ ಮೈದಾನದಲ್ಲಿ ಹಾಗೆಯೇ ಆಡಿಸಿದ್ದಳು. ನಾವೇ ಕೂಸಿಗೆ ಹೊದಿಸಿ, ಎದ್ದು ಬಂದೆವು.

ಮುಂದಿನ ವಾರ ಕಡಿತ ಮುಗಿದು ಗ್ಯಾಂಗು ಬೇರೆ ಕಡೆ ಹೋಯಿತು. ನಾವು ಹೋಗಿ ನೋಡಿದಾಗ ಜೋಪಡಿಗಳು ಇರಲಿಲ್ಲ. ಬಾಣಂತಿಯ ಒಲೆಯಿದ್ದ ಜಾಗದಲ್ಲಿ ಕೆಂಪು ರಗ್ಗು ನೀಟಾಗಿ ಮಡಚಿ ಇಟ್ಟಿತ್ತು. ಗಾಳಿಗೆ ಹಾರದಿರಲಿ ಎಂದು ಮೇಲೊಂದು ಕಲ್ಲು. ಹೊದಿಸಿದ ಗುರುತೇ ಇರಲಿಲ್ಲ. ಒಯ್ಯಲು ಯಾರೋ ಬರುತ್ತಾರೆ ಎಂದು ಜೋಪಾನವಾಗಿ ಕಾಯ್ದಿಟ್ಟು, ಕೊನೆಗೆ ಬಿಟ್ಟು ಹೋಗಿದ್ದಳು.

ಆಯಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಆಕಿಗೆ ನಾವೂ ಅವರಂಗ ಕಂಡಿವಲ್ರಿ, ಅಕ್ಕೋರ..."

ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ತಡೆಯಲಾಗಲಿಲ್ಲ. ಗ್ಯಾಂಗು ಯಮಕನಮರಡಿಯ ಕಡೆ ಹೋಗಿದೆ ಎಂದು ಯಾರೋ ಹೇಳಿದರು. ಆಯಿ ಅಲ್ಲಿಗೂ ಹೋಗಿ ಹೊಲ ಹೊಲ ತಿರುಗಿ ಬಂದಳು, ಸಿಗಲಿಲ್ಲ. ಆ ರಗ್ಗನ್ನು ಆಕೆ ಬೇರೆ ಯಾರಿಗೂ ಕೊಡಲಿಲ್ಲ, ತಾನೂ ಹೊದೆಯಲಿಲ್ಲ.

ನನಗೆ ಗೋಕಾಕಕ್ಕೆ ವರ್ಗವಾದ ಕೆಲವು ವರ್ಷಕ್ಕೆ ಆಯಿ ಹೋದಳು. ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು. ಆ ಕೂಸು ಎಲ್ಲಿದೆಯೋ, ಯಾವ ಊರಿನ ಕಬ್ಬಿನಲ್ಲಿದೆಯೋ... ಇದ್ದರೆ ಸಾಕು.

ಈಗ ಮಂಡಳದವರು ಬಂದು, ಫೋಟೋ ತೆಗೆಯುವುದಿಲ್ಲ, ಕೊಟ್ಟದ್ದು ಕೊಟ್ಟದ್ದೇ, ನಮ್ಮನ್ನು ನಂಬ್ರಿ ಟೀಚರ್ ಎನ್ನುತ್ತಿದ್ದಾರೆ. ಒಳ್ಳೆಯ ಮಂದಿ ಇರಬಹುದು. ನಾನು ನಂಬಿಲ್ಲ. ನಾಳೆ ಅವರ ಗಾಡಿಯಲ್ಲೇ ಹೋಗುತ್ತೇನೆ, ಹಂಚಿ ಮುಗಿದು ಗಾಡಿ ಖಾಲಿ ತಿರುಗುವ ತನಕ ಅಲ್ಲೇ ಕೂರುತ್ತೇನೆ. ಆಯಿ ಇದ್ದಿದ್ದರೆ ಇಬ್ಬರೂ ಹೋಗುತ್ತಿದ್ದೆವು.