ಆರ್ಕುಟ್ ಬೀದಿಯ ಗಿರಿಜಮ್ಮ

ತೆಲುಗು ನಾಡಿನ ಗಾಜುವಾಕದ ಗಿರಿಜಮ್ಮನವರಿಗೆ ಆರ್ಕುಟ್ ಎಂಬ ಜಾಲತಾಣವೆಂದರೆ ನೆಂಟರಿಷ್ಟರೇ ತುಂಬಿರುವ ಒಂದು ಉದ್ದನೆಯ ಬೀದಿ. ಅಲ್ಲಿ ನಡೆದುಕೊಳ್ಳುವ ರೀತಿಯನ್ನು ತಮಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬುದು ಅವರ ದೃಢ ನಂಬಿಕೆ. ಮೈಸೂರಿನಿಂದ ಕೆಲಸಕ್ಕೆ ಬಂದು ಅವರ ಮಹಡಿಯಲ್ಲಿ ಬಾಡಿಗೆಗಿರುವ ಮಾನಸ ಖಾತೆ ತೆರೆದುಕೊಟ್ಟದ್ದಷ್ಟೆ. ಉಳಿದ ಪಾಠವನ್ನೆಲ್ಲ ಈಗ ಅವರೇ ಅವಳಿಗೆ ಹೇಳುತ್ತಾರೆ. ಇನ್ನೊಬ್ಬರ ಸ್ಕ್ರ್ಯಾಪ್‌ಬುಕ್ಕೆಂಬ ಸಂದೇಶದ ಪುಟದಲ್ಲಿ ಬರೆಯುವ ಮುನ್ನ ಫೋನು ಮಾಡಿ, "ಏನಂಡಿ, ಈಗ ಬಂದ್ರೆ ತೊಂದರೆ ಇಲ್ಲ ತಾನೆ?" ಎಂದು ಕೇಳುತ್ತಾರೆ. ಬರೀ 'ಹಾಯ್' ಎನ್ನುವುದು ಬರಿಗೈಯಲ್ಲಿ ಹೋದಂತೆ ಎಂದು ಜೊತೆಗೊಂದು ಹೂವಿನ ಚಿತ್ರ ಒಯ್ಯುತ್ತಾರೆ. ಕೈತಪ್ಪಿ ಅಪರಿಚಿತರ ಪುಟ ತೆರೆದರೂ, "ದಾರಿ ತಪ್ಪಿ ಬಂದೆ, ಮನೆ ಚೆನ್ನಾಗಿದೆ" ಎಂದು ಬರೆದೇ ಹೊರಡುತ್ತಾರೆ. ಯಾರು ಬಂದುಹೋದರೆಂದು ಆರ್ಕುಟ್ ತೋರಿಸುತ್ತದಲ್ಲ, ಮಾತಾಡಿಸದೆ ಹೋದರೆ ಏನಂದುಕೊಂಡಾರು? ತಮ್ಮ ಪುಟಕ್ಕೆ ಇಣುಕಿದವರನ್ನೂ ಬಿಡುವುದಿಲ್ಲ, ಬೆನ್ನಿಗೇ ಹೋಗಿ ಯೋಗಕ್ಷೇಮ ವಿಚಾರಿಸುತ್ತಾರೆ. ಒಬ್ಬರ ವಿಷಯದಲ್ಲಿ ಮಾತ್ರ ತಮ್ಮ ಕಾನೂನನ್ನು ತಾವೇ ಮುರಿಯುತ್ತಾರೆ. ಅಮ್ಮನ ತಿಥಿಯ ದಿನ ಜಗಳವಾಡಿ ಮಾತು ಬಿಟ್ಟ ವಿಜಯವಾಡದ ಅಕ್ಕ ಈಚೆಗೆ ದಿನವೂ ಇವರ ಪುಟಕ್ಕೆ ಬಂದು, ಒಂದಕ್ಷರವೂ ಬರೆಯದೆ ಹೋಗುತ್ತಾರೆ. "ಆಂಟಿ, ನೀವೇ ಒಂದು ಮಾತು ಬರೀಬಾರದಾ?" ಎಂದು ಮಾನಸ ಕೇಳಿದರೆ, ಗಿರಿಜಮ್ಮ ಆ ದಿನದ ಹೊಸ ಫೋಟೊ ಹಾಕುತ್ತಲೇ ತಲೆಯಾಡಿಸುತ್ತಾರೆ: "ಬೇಡಮ್ಮ. ಹೊಸಿಲ ತನಕ ಬಂದಿದ್ದಾಳೆ, ಈಗ ಕೂಗಿದ್ರೆ ತಿರುಗಿ ಹೋಗ್ಬಿಡ್ತಾಳೆ. ನೋಡ್ಕೊಂಡು ಹೋಗ್ಲಿ. ನಾಳೇನೂ ಬರ್ತಾಳೆ."