ಸೂಜಿ ಹಾಕಿಸಿಕೊಳ್ಳಿ ಎಂದವನು

ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿದನೆಂದು ಯಾರಾದರೂ ಹೇಳಿದರೆ, ಮೊದಲೆಲ್ಲ ನಾನು ಅವರ ಬಾಯಿಯ ವಾಸನೆ ನೋಡುತ್ತಿದ್ದೆ. ನಂಬುವ ಸ್ವಭಾವ ನನ್ನದಲ್ಲ. ಹೆದರುವ ಸ್ವಭಾವ ಮಾತ್ರ ನನ್ನದು. ಹಾವು, ಜ್ವರ, ದೊರೆಯ ಕೆಮ್ಮು, ಎಲ್ಲಕ್ಕೂ ಹೆದರುತ್ತಿದ್ದೆ, ದೆವ್ವವೊಂದನ್ನು ಬಿಟ್ಟು.

ಆಗ ನಾನು ಬಾಳೆಲೆ ಊರಿನ ಕಡೆ ಇಂಗ್ಲಿಷ್ ದೊರೆಯೊಬ್ಬನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಹನ್ನೆರಡು ವರ್ಷ ದುಡಿದಿದ್ದೇನೆ, ಹೆಡ್ ರೈಟರ್ ಕೆಲಸ ನನಗೇ ಎಂದು ಕಾದು ಕೂತಿದ್ದಾಗ ಮೊನ್ನೆ ಮೊನ್ನೆ ಬಂದ ಪೊನ್ನಪ್ಪನಿಗೆ ಅದು ಸಿಕ್ಕಿತು. ಎತ್ತರದ ಆಳು, ದೊರೆಯ ಜೊತೆ ಹಂದಿ ಬೇಟೆಗೆ ಹೋಗುವವನು. ಅವನು ಚೆನ್ನಾಗಿ ಶಿಳ್ಳೆ ಹಾಕುತ್ತಾನೆ ಎಂಬುದಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕುದುರೆ ಲಾಯದಲ್ಲಿ ಅವನಿಗೆ ಮೊಳೆ ಚುಚ್ಚಿತು. ಚಪ್ಪಲಿ ದಾಟಿ ಅಂಗಾಲಿನೊಳಕ್ಕೆ ಹೋಗಿತ್ತು. ಬಂದದ್ದು ಎರಡೇ ಹನಿ ರಕ್ತ. ಅರಿಶಿನ ಮೆತ್ತಿಕೊಂಡು ನನ್ನ ಮುಖ ನೋಡಿದ.

“ಹೊಸ ಮೊಳೆ ರೈಟರೇ, ತುಕ್ಕೇ ಇಲ್ಲ. ನಿಮಗಾಗಿದ್ರೆ ಇಷ್ಟೊತ್ತಿಗೆ ಉಯಿಲು ಬರೀತಿದ್ರಿ!”

ಸುತ್ತಲಿದ್ದವರೆಲ್ಲ ನಕ್ಕರು.

ತುಕ್ಕಿನ ಮಾತು ತಪ್ಪೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅದೇ ಲಾಯದ ಆಳಿಗೆ ಇಂಥದೇ ಗಾಯವಾಗಿ, ಎಂಟನೆಯ ದಿನ ದವಡೆ ಕಟ್ಟಿ, ಮೈ ಬಿಲ್ಲಿನಂತೆ ಬಾಗಿ ಸತ್ತಿದ್ದ. ಧನುರ್ವಾಯು. ಆಗ ಹೆದರಿಕೆಯಿಂದ ನಾನು ಡಾಕ್ಟರನ್ನು ಕೇಳದ ಪ್ರಶ್ನೆಯಿಲ್ಲ. ರೋಗವಿರುವುದು ತುಕ್ಕಿನಲ್ಲಲ್ಲ, ಲದ್ದಿ ಬೆರೆತ ಮಣ್ಣಿನಲ್ಲಿ. ಬಾಯಿ ಚಿಕ್ಕದಾಗಿ ಆಳವಾದ ಗಾಯವೇ ಹೆಚ್ಚು ಕೆಟ್ಟದ್ದು. ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡರೆ ಬದುಕಬಹುದು, ದವಡೆ ಕಟ್ಟಿದ ಮೇಲೆ ಕಷ್ಟ ಎಂದಿದ್ದರು. ತೋಟದಲ್ಲಿ ಇದೆಲ್ಲ ತಿಳಿದವನು ನಾನೊಬ್ಬನೇ. ಮಾತು ನಾಲಗೆಯ ತುದಿಗೆ ಬಂತು. ಆ ನಗು ಕೇಳಿ ನುಂಗಿಕೊಂಡೆ. ಮುಚ್ಚಿಡುವುದೇಕೆ, ಎಂಟು ದಿನ ಕಳೆದರೆ ಅವನ ಕುರ್ಚಿ ಖಾಲಿಯಾದೀತು ಎಂದೂ ಯೋಚಿಸಿದೆ.

ಮಧ್ಯಾಹ್ನವಿಡೀ ಕಾಫಿ ಒಣಗಿಸುವ ಕಣದಲ್ಲಿ, ಆಳುಗಳ ಕಣ್ಣೆದುರಿಗೇ ಇದ್ದೆ. ಒಂದು ಹೆಜ್ಜೆ ಆಚೆ ಇಡಲಿಲ್ಲ. ಸಂಜೆ ಹೊತ್ತಿಗೆ, ಪೊನ್ನಪ್ಪ ತೋಟದ ಲಾರಿ ಹತ್ತಿ ಆಸ್ಪತ್ರೆಗೆ ಹೋದನೆಂದು ತಿಳಿಯಿತು.

ಮರುದಿನ ಅವನು ಕುಂಟುತ್ತಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ನಿನ್ನೆ ನಮ್ಮನೆ ಕಿಟಕಿ ಹತ್ರ ನಿಂತು ನೀವು ಅಷ್ಟು ಬೈಯದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ ಮಾರಾಯ್ರೇ. ಲದ್ದಿ ಮಣ್ಣು, ದವಡೆ ಅಂತೆಲ್ಲ ಹೇಳಿದ್ರಲ್ಲ, ಡಾಕ್ಟ್ರೂ ಅದನ್ನೇ ಹೇಳಿದ್ರು.”

“ಎಷ್ಟೊತ್ತಿಗೆ?” ಎಂದೆ.

“ಮೂರು ಗಂಟೆಗೆ! ಮರೆತೇಬಿಟ್ರಾ? ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ.”

ಅದು ನಾನಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಜ್ವರದ ಭ್ರಮೆಯೆನ್ನೋಣವೆಂದರೆ ಅವನಿಗೆ ಜ್ವರವಿರಲಿಲ್ಲ. ಬೇರೆ ಯಾರೋ ಹೇಳಿರಬಹುದು ಎನ್ನೋಣವೆಂದರೆ, ಆ ವಿಷಯ ಗೊತ್ತಿದ್ದ ಬೇರೆ ಯಾರೂ ಅಲ್ಲಿರಲಿಲ್ಲ. ಕಣದ ಆಳುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ನೀವು ಇಲ್ಲೇ ಇದ್ದಿರಲ್ಲ ಎಂದು ಅವರೆಲ್ಲ ನನ್ನನ್ನೇ ವಿಚಿತ್ರವಾಗಿ ನೋಡಿದರು.

ಪೊನ್ನಪ್ಪನ ಮೇಲಿನ ಹೊಟ್ಟೆಕಿಚ್ಚು ವರ್ಷಗಳು ಕಳೆದಂತೆ ಆರಿತು. ಆದರೆ ಈಗಲೂ ನೆಂಟರು ಬಂದಾಗಲೆಲ್ಲ ನನ್ನ ಹೆಂಡತಿ, “ನಮ್ಮೋರು ಅವತ್ತು ಓಡೋಗಿ ಒಂದು ಜೀವ ಉಳಿಸಿದ್ರು” ಎಂದು ಕಣ್ಣರಳಿಸಿ ಹೇಳುತ್ತಾಳೆ. ನನ್ನ ಬೇರೆ ಯಾವ ಕೆಲಸಕ್ಕೂ ಅವಳ ಕಣ್ಣು ಹಾಗೆ ಅರಳಿದ್ದು ನಾನು ಕಂಡಿಲ್ಲ. ನಾನು ತಲೆತಗ್ಗಿಸಿ ಕಾಫಿ ಕುಡಿಯುತ್ತೇನೆ. ನೆಂಟರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ಆ ಕಿಟಕಿಯ ಹತ್ತಿರ ನಿಂತಿದ್ದವನು ಯಾರೋ ನನಗೆ ತಿಳಿದಿಲ್ಲ. ಎಲ್ಲಾದರೂ ಸಿಕ್ಕರೆ ಅವನಿಗೆ ಕೈ ಮುಗಿಯುತ್ತೇನೋ, ಜಗಳಕ್ಕೆ ನಿಲ್ಲುತ್ತೇನೋ, ಅದೂ ತಿಳಿದಿಲ್ಲ.