ಸ್ಪರ್ಧೆಗೆ ಮೊದಲೇ ಬಂದ ಬಹುಮಾನ

ಚಿನ್ನದ ಗಣಿಯೂರು ಉರಿಗಾಂನ ನಮ್ಮ ಕ್ವಾರ್ಟರ್ಸಿಗೆ ಹತ್ತಿರದ ಕ್ಯಾಸಂಬಳ್ಳಿಯಿಂದ ಹಾಲು ತರುತ್ತಿದ್ದಾಕೆಯ ಮಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ವಯಸ್ಸು ಹನ್ನೆರಡು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳಿಗೆ ರಂಗೋಲಿ ಕಲಿಸಲು ಹೊರಟೆ.

ಕಾನ್ವೆಂಟಿನಲ್ಲಿ ನಾನು ಕಲಿತ ಚಿತ್ರಕಲೆಯೆಂದರೆ ಬೋರ್ಡಿನ ಮೇಲಿನ ಹೂಜಿಯನ್ನು ನೋಡಿ, ಪಕ್ಕದವಳ ಹೂಜಿಯನ್ನು ನೋಡದೆ ಬರೆಯುವುದು. ಇಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ರಟ್ಟಿನ ಮೇಲೆ ಹುಣಸೆಬೀಜ ಅಂಟಿಸಿ ಚುಕ್ಕಿ ಮಾಡಿದೆ, ಗಂಜಿಯಲ್ಲಿ ಅದ್ದಿದ ದಾರ ಸುತ್ತಿ ಎಳೆ ಮಾಡಿದೆ. ಎರಡು ದಿನ ಅದನ್ನೇ ಸವರಿದಳು. ಮೂರನೆಯ ದಿನ ರಟ್ಟು ಪಕ್ಕಕ್ಕಿಟ್ಟು, ಎರಡು ಬೆರಳಿನ ಅಳತೆಯಲ್ಲಿ ನೆಲದ ಮೇಲೆ ಚುಕ್ಕಿ ಹಾಕುತ್ತ ಹೋದಳು. ಪುಡಿ ದಪ್ಪ ಬಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ನಾನೂ ಕಣ್ಣು ಮುಚ್ಚಿ ಒಂದು ಹಾಕಿದೆ. ಬೆರಳಾಡಿಸಿ, "ಅಕ್ಕಾ, ಇದು ಕೋಳಿ ಕೆದ್ರಿರಂಗೈತೆ" ಎಂದಳು.

ಮಹಿಳಾ ಸಂಘದ ರಂಗೋಲಿ ಸ್ಪರ್ಧೆಗೆ ಸೇರಬೇಕೆಂದು ಹಟ ಹಿಡಿದವಳು ಅವಳೇ. ಎಲ್ಲರ ಜೊತೆ, ಎಲ್ಲರ ಹಾಗೆ. ಹೆಸರು ಬರೆಸಲು ಹೋದಾಗಲೇ ಕಾರ್ಯದರ್ಶಿ ಮೇಡಂ ಕಣ್ಣೊರೆಸಿಕೊಂಡರು. ಸ್ಪರ್ಧೆಯ ದಿನ ಅವಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಪ್ಲಾಸ್ಟಿಕ್ ಟಿಫನ್ ಡಬ್ಬಿಯೊಂದನ್ನು ವಿಶೇಷ ಬಹುಮಾನವೆಂದು ಕೊಟ್ಟು, ಕುರ್ಚಿಯಲ್ಲಿ ಕೂರಿಸಿದರು. ಆಗಿನ್ನೂ ಯಾರೂ ಒಂದು ಚುಕ್ಕಿಯನ್ನೂ ಇಟ್ಟಿರಲಿಲ್ಲ.

"ಇನ್ನೂ ರಂಗೋಲೀನೇ ಆಕಿಲ್ವಲ್ಲಕ್ಕ, ಬೌಮಾನ ಯಾಕೆ?" ಎಂದು ಡಬ್ಬಿಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಕೆಳಗಿಳಿದಳು.

ಹಾಕಿ ಮುಗಿಸಿದಳು. ಮೇಡಂ ಸೇರಿ ಮೂವರು ತೀರ್ಪುಗಾರ್ತಿಯರು ಉಳಿದವರ ರಂಗೋಲಿಗಳಲ್ಲಿ ತಪ್ಪಿದ ಎಳೆಗಳನ್ನು ಹುಡುಕಿ ಹುಡುಕಿ ಅಂಕ ಕಳೆದರು. ಇವಳ ಮುಂದೆ ಬಂದಾಗ ಅಂಕದ ಪುಸ್ತಕವನ್ನೇ ಮುಚ್ಚಿದರು. ಒಬ್ಬರು ಕನ್ನಡದಲ್ಲಿ ಪಾಪ ಎಂದರು, ಒಬ್ಬರು ತಮಿಳಿನಲ್ಲಿ ಪಾವಂ, ಇನ್ನೊಬ್ಬರು ತೆಲುಗಿನಲ್ಲಿ ಪಾಪಂ. ತಪ್ಪೇನಾದರೂ ಇದೆಯಾ ಎಂದು ಅವಳು ಕೇಳಿದ್ದಕ್ಕೆ ಮಾತ್ರ ಮೂರರಲ್ಲಿ ಒಂದು ಭಾಷೆಯಲ್ಲೂ ಉತ್ತರ ಬರಲಿಲ್ಲ.

ಹೆಣ್ಣುಮಕ್ಕಳು ಜೋರಾಗಿ ಮಾತಾಡಬಾರದೆಂದು ಸಿಸ್ಟರುಗಳು ಕಲಿಸಿದ್ದರಿಂದ ಮೆಲ್ಲಗೇ ಹೇಳಿದೆ, ಬಲಗಡೆ ಮೂಲೆಯಲ್ಲಿ ಒಂದು ಎಳೆ ಚುಕ್ಕಿ ಬಿಟ್ಟು ಹೋಗಿದೆ ಎಂದು. ಕೂಸಿನ ಕೈಯಿಂದ ಬೆಲ್ಲ ಕಿತ್ತುಕೊಂಡವಳನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು.

"ಎಲ್ಲಿ? ಬೆರಳಿಡ್ದು ತೋರ್ಸಕ್ಕ" ಎಂದಳು. ಬೆರಳು ಹಿಡಿದು ತೋರಿಸಿದೆ. ಎರಡು ಸಲ ಸವರಿದಳು. "ಊಂ, ತಪ್ಪೇಯ. ಇದಕ್ಕೂ ಕಳೀರಿ ಮೇಡಂ."

ಮೇಡಂ ಬೇರೆ ದಾರಿಯಿಲ್ಲದೆ ಪುಸ್ತಕ ತೆರೆದರು. ಕಳೆದ ಮೇಲೂ ಮೂರನೆಯ ಸ್ಥಾನ ಬಂತು. ಮೂರನೆಯ ಬಹುಮಾನವೂ ಟಿಫನ್ ಡಬ್ಬಿಯೇ, ಕುರ್ಚಿಯ ಮೇಲಿದ್ದುದನ್ನೇ ಸೆರಗಿನಲ್ಲಿ ಒರೆಸಿ ಕೊಟ್ಟರು. ಈ ಸಲ ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳ ತೆಗೆದು, ಒಳಗೆಲ್ಲ ಬೆರಳಾಡಿಸಿ ನೋಡಿ, ಮತ್ತೆ ಮುಚ್ಚಿದಳು.